ಎರಡು ‘ಲೇ’

ನಮ್ಮ ಹಿಂದೂಪುರದಲ್ಲಿ ‘ಲೇ’ ಎಂಬ ಮಾತಿಗೆ ಎರಡು ಅರ್ಥ. ಕನ್ನಡದಲ್ಲಿ ಅಂದರೆ ‘ಏ, ನೀನು’ ಎಂದು. ಸಲಿಗೆ ಇದ್ದವರನ್ನು ಮಾತ್ರ ಹಾಗೆ ಕರೆಯಬಹುದು, ಇಲ್ಲದವರನ್ನು ಕರೆದರೆ ಜಗಳವೇ. ತೆಲುಗಿನಲ್ಲಿ ಅಂದರೆ ‘ಏಳು, ಎದ್ದೇಳು’ ಎಂದು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಸಿಟ್ಟು ಬಂದಾಗ ಎರಡೂ ಎಂದು ಬೆಳೆದ ನಮಗೆ ಯಾವ ‘ಲೇ’ ಯಾವುದು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ನನ್ನ ಮೊದಲ ಸೋಲೋ ಆಲ್ಬಂ ನಾಲ್ಕು ಜನರ ಬಾಯಿಗೆ ಬಂದದ್ದು ಈ ಒಂದಕ್ಷರದಿಂದ. ಇದ್ದ ಒಬ್ಬ ಗೆಳೆಯ ನನ್ನನ್ನು ಬಹುವಚನದಲ್ಲಿ ಮಾತಾಡಿಸುವಂತಾದದ್ದೂ ಇದರಿಂದಲೇ.

ಸೋಲೋ ಆಲ್ಬಂ ಎಂದ ತಕ್ಷಣ ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ಎಂಟು ಹಾಡಿನ ಒಂದು ಕ್ಯಾಸೆಟ್. ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಪಟ್ಟಣದವರು ಸೀಡಿಗೆ ಹೋಗಿದ್ದರು, ನಮ್ಮ ಚರ್ಚ್ ಸಭೆಗಳ ಜನ ಇನ್ನೂ ಟೇಪ್ ರೆಕಾರ್ಡರನ್ನೇ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದರು. ಆ ಕ್ಯಾಸೆಟ್ಟಿನ ಡಬ್ಬಿ ತೆಗೆದರೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು. ಈಗಲೂ ಹೊಸ ಬಕೆಟ್ ಕೊಂಡಾಗ ಆ ವಾಸನೆ ಬಂದರೆ ನನ್ನ ಎದೆ ಉಬ್ಬುತ್ತದೆ. ಆಮೇಲೆ ನಾಚಿಕೆಯೂ ಆಗುತ್ತದೆ. ಎರಡೂ ಒಟ್ಟಿಗೆ ಬರುವುದು ಯಾಕೆಂದು ಹೇಳುತ್ತೇನೆ.

ಸೋಲೋಗೆ ಮೊದಲು ನಾವು ಮೂವರಿದ್ದೆವು. ನನ್ನದು ಗಿಟಾರು ಮತ್ತು ಹಾಡು. ಕೀಬೋರ್ಡಿಗೆ ಪಾಸ್ಟರ ಅಳಿಯ. ಡ್ರಮ್ಮಿಗೆ ನನ್ನ ಗೆಳೆಯ. ನಾವು ಬಾರಿಸುವುದು ಕ್ರಿಶ್ಚಿಯನ್ ರಾಕ್ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಸಭೆಯ ಹಿರಿಯರೊಬ್ಬರು ಮೊದಲು ಹುಬ್ಬು ಗಂಟು ಹಾಕಿದರು. ರಾಕ್ ಅಂದರೆ ಬಂಡೆ, ಕರ್ತನೇ ನಮ್ಮ ಬಂಡೆ ಅಲ್ಲವೇ ಎಂದೆ. ಅವರಿಗೆ ಅದು ಬಹಳ ಹಿಡಿಸಿತು. ಅಲ್ಲಿಂದ ಮುಂದೆ ಎಲ್ಲರಿಗೂ ನಮ್ಮನ್ನು ‘ಬಂಡೆ ಹಾಡಿನ ಹುಡುಗರು’ ಎಂದೇ ಪರಿಚಯ ಮಾಡಿಕೊಟ್ಟರು.

ಗೆಳೆಯ ನಮ್ಮ ಸಭೆಯವನಲ್ಲ, ಕ್ರೈಸ್ತನೂ ಅಲ್ಲ. ಕಲ್ಯಾಣದುರ್ಗದ ಆಚೆ ಬ್ರಹ್ಮಸಮುದ್ರದ ಕಡೆಯ ಬೇಸಾಯದ ಮನೆಯವನು, ಹಿಂದೂಪುರದ ಒಂದು ನೂಲಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಒಂದು ಕ್ರಿಸ್‌ಮಸ್ಸಿಗೆ ನಮ್ಮ ಆಂಪ್ಲಿಫೈಯರ್ ಸುಟ್ಟುಹೋದಾಗ ಯಾರೋ ಅವನನ್ನು ಕರೆತಂದರು. ರಿಪೇರಿ ಮುಗಿಸಿದವನು ಮನೆಗೆ ಹೋಗಲಿಲ್ಲ. ಮೂಲೆಯಲ್ಲಿದ್ದ ಹಳೆ ಡ್ರಮ್ಮಿನ ಮುಂದೆ ಚಪ್ಪಲಿ ಬಿಟ್ಟು ಕೂತ. ಅರ್ಧ ಗಂಟೆಯಲ್ಲಿ ನಮಗೆ ಒಂದು ವರ್ಷದಿಂದ ಬಾರದ ತಾಳ ಅವನ ಕೈಗೆ ಬಂದಿತ್ತು.

“ನಿಮ್ಮ ದೇವ್ರು ತಾಳ ತಪ್ಪಿದ್ರೆ ಬೈಯಾಕಿಲ್ಲ ತಾನೆ?” ಎಂದು ಕೇಳಿದ.

“ಬೈಯಲ್ಲ,” ಎಂದೆ.

“ಅಂಗಾದ್ರೆ ದಿನಾ ಬತ್ತೀನಿ.”

ದಿನಾ ಬಂದ. ಆಗ ನಮ್ಮೂರಿಗೆ ಕರೆಂಟು ಗಂಟೆ ಲೆಕ್ಕದಲ್ಲಿ ಬರುತ್ತಿತ್ತು. ಕರೆಂಟಿಲ್ಲದೆ ರಾಕ್ ಇಲ್ಲ. ಬೆಳಗ್ಗೆ ಐದೂವರೆಗೆ ಬಂದದ್ದು ಎಂಟಕ್ಕೆ ಹೋಗುವುದು ಎಂದು ಎಲೆಕ್ಟ್ರಿಷಿಯನ್ ಆದ ಅವನಿಗೆ ಖಚಿತವಾಗಿ ಗೊತ್ತಿತ್ತು. ಹಾಗಾಗಿ ನಮ್ಮ ಪ್ರಾಕ್ಟೀಸು ಬೆಳಗಿನ ಹೊತ್ತು. ನಾನು ಹುಟ್ಟು ಸೋಮಾರಿ. ರೈಲ್ವೆ ಗೇಟಿನ ಹತ್ತಿರ ನನ್ನದೊಂದು ಬಾಡಿಗೆ ಕೋಣೆ. ಅವನು ಸೈಕಲ್ಲಿನಲ್ಲಿ ಬಂದು, ಕಿಟಕಿಯ ಸರಳಿಗೆ ಡ್ರಮ್ಮಿನ ಕಡ್ಡಿಯಿಂದ ಟಕ್ಕು ಟಕ್ಕು ಎಂದು ಹೊಡೆದು ಕೂಗುತ್ತಿದ್ದ:

“ಲೇ... ಲೇ.”

ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಮೊದಲನೆಯದು ಕನ್ನಡ, ಎರಡನೆಯದು ತೆಲುಗು. “ಏ ನೀನು, ಎದ್ದೇಳು” ಎಂದು ಎರಡು ಭಾಷೆಯಲ್ಲಿ, ಎರಡೇ ಅಕ್ಷರದಲ್ಲಿ. ಇದು ಅವನ ಜಾಣತನ. ನಾನು ಹಾಸಿಗೆಯಲ್ಲಿ ಬಿದ್ದುಕೊಂಡೇ ನಗುತ್ತಿದ್ದೆ. ಮೂರು ವರ್ಷ ನನ್ನ ದಿನ ಶುರುವಾದದ್ದು ಆ ಕೂಗಿನಿಂದ. ಅಷ್ಟು ಸುಖವಾಗಿ ನನ್ನನ್ನು ಮತ್ತೆ ಯಾರೂ ಎಬ್ಬಿಸಿಲ್ಲ, ಕಟ್ಟಿಕೊಂಡವಳೂ ಸೇರಿ.

ಗೋರಂಟ್ಲ, ಮಡಕಶಿರ, ಪೆನುಕೊಂಡ ಎಂದು ಸುತ್ತಲಿನ ಊರುಗಳ ಪ್ರಾರ್ಥನಾ ಕೂಟಗಳಿಗೆಲ್ಲ ನಾವು ಹೋಗುತ್ತಿದ್ದೆವು. ಒಮ್ಮೆ ಸೋಮಂದೇಪಲ್ಲಿಯ ಕೂಟದಲ್ಲಿ ಸತ್ತು ನಾಲ್ಕು ದಿನ ಗೋರಿಯಲ್ಲಿದ್ದ ತನ್ನ ಗೆಳೆಯನನ್ನು ಕರ್ತನು ಕೂಗಿ ಎಬ್ಬಿಸಿದ ಬೈಬಲಿನ ಕಥೆಯನ್ನು ಬೋಧಕರು ಹೇಳಿದರು. ಕೂಟ ಮುಗಿದು, ಡ್ರಮ್ಮನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹಿಂದೂಪುರದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಗೆಳೆಯ ಕೇಳಿದ.

“ಆಯಪ್ಪ ಅವನ್ನ ಎಂಗೆ ಕರ್ದ?”

“ಹೆಸರು ಹಿಡಿದು, ಹೊರಗೆ ಬಾ ಅಂದ.”

“ಗೆಣೆಕಾರ ಅಂತೀಯ. ಗೆಣೆಕಾರನ್ನ ಯಾರ್ಲಾ ಅಂಗೆ ಮರ್ಯಾದೆಯಾಗಿ ಕರೀತಾರೆ? ‘ಲೇ, ಲೇ’ ಅಂದಿರ್ತಾನೆ. ಅದ್ಕೇ ಅವ್ನು ಎದ್ ಬಂದ್ಬುಟ್ಟ.”

ನಾನು ನಕ್ಕೆ. ಆಮೇಲೆ ನಗು ನಿಂತಿತು. ಬಸ್ಸು ಬಂದು ನಾವು ಹತ್ತಿ ಕೂತಾಗ ಅವನು ಮುಂದಿನ ಸೀಟಿನ ತಗಡಿನ ಮೇಲೆ ತಾಳ ಹಿಡಿದ, ನಾನು ಗುನುಗಿದೆ. ಹಿಂದೂಪುರ ಬರುವ ಹೊತ್ತಿಗೆ ಹಾಡು ಮುಗಿದಿತ್ತು. ‘ಕಲ್ಲು ಸರಿಯಿತು ಗೆಳೆಯ, ಕಟ್ಟು ಬಿಚ್ಚಿತು ಗೆಳೆಯ’ ಎಂದು ನಾನು ಹಾಡಿ ನಿಲ್ಲಿಸುವುದು. ಡ್ರಮ್ಮೂ ಒಂದು ಗಳಿಗೆ ನಿಲ್ಲುವುದು. ಆಗ ಕೂಗು: ಲೇ... ಲೇ. ಹಾಡನ್ನು ಹಾಡಾಗಿ ಮಾಡಿದ್ದು ಆ ಕೂಗು ಮತ್ತು ಆ ನಿಲುಗಡೆ. ಎರಡೂ ಅವನವು.

ಆಮೇಲೆ ಪಾಸ್ಟರ ಅಳಿಯನಿಗೆ ಬೇರೆ ಊರಿಗೆ ವರ್ಗವಾಯಿತು. ಮೂವರಲ್ಲಿ ಒಬ್ಬ ಹೋದ ಮೇಲೆ ಬ್ಯಾಂಡ್ ಎನ್ನಲು ಬಾಯಿ ಬರಲಿಲ್ಲ. ಹಾಗಾದರೆ ಸೋಲೋ ಆಲ್ಬಂ ಮಾಡುತ್ತೇನೆ ಎಂದೆ. ಹಾಗೆ ಹೇಳಿಕೊಳ್ಳುವುದರಲ್ಲಿ ಒಂದು ಮಜಾ ಇತ್ತು, ಸುಳ್ಳೇಕೆ. ಗೆಳೆಯನಿಗೂ ಖುಷಿಯಾಯಿತು. ಸೋಲೋ ಅಂದರೆ ಒಬ್ಬನೇ ಎಂದು ನಾನೂ ಬಿಡಿಸಿ ಹೇಳಲಿಲ್ಲ, ಅವನೂ ಕೇಳಲಿಲ್ಲ.

ನಮ್ಮೂರ ಒಂದು ಫೋಟೋ ಸ್ಟುಡಿಯೋದ ಮಹಡಿಯ ಮೇಲೆ ರೆಕಾರ್ಡಿಂಗ್ ಕೋಣೆಯಿತ್ತು. ಗೋಡೆಗೆ ಹಳೆ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಒಳಗೆ ಹೋದರೆ ನಮ್ಮ ಉಸಿರು ನಮಗೇ ಕೇಳುತ್ತಿತ್ತು. ನಾವು ಡ್ರಮ್ಮನ್ನು ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ಮೇಲೆ ತಂದಾಗ ಅದರ ಯಜಮಾನ ಬಾಗಿಲಲ್ಲೇ ಕೈ ಅಡ್ಡ ಹಿಡಿದ.

“ಇಕ್ಕಡ ಡ್ರಮ್ಸ್ ಕುದರದು ಬ್ರದರ್,” ಎಂದ. ಇಲ್ಲಿ ಆಗುವುದಿಲ್ಲ, ಹೊಡೆದರೆ ಕೆಳಗಿನ ಅಂಗಡಿಯ ಗಾಜು ಅದುರುತ್ತದೆ, ತಾಳವನ್ನೆಲ್ಲ ಮೆಷಿನ್ನಿನಲ್ಲಿ ಹಾಕೋಣ ಎಂದು ತೆಲುಗಿನಲ್ಲಿ ವಿವರಿಸಿದ.

ನಾನು ಗೆಳೆಯನ ಕಡೆ ನೋಡಿದೆ. “ಹಾಕ್ಕಳಿ ಬಿಡು, ಮೆಷಿನ್ನು ತಾಳ ತಪ್ಪಾಕಿಲ್ಲ,” ಎಂದ. ಮನೆಗೆ ಹೋಗು ಎಂದರೂ ಹೋಗಲಿಲ್ಲ. ಕಾರ್ಖಾನೆಗೆ ಎರಡು ದಿನ ರಜೆ ಹಾಕಿ ಬಂದಿದ್ದ. ಎರಡು ದಿನವೂ ಮೆಟ್ಟಿಲ ಮೇಲೆ ಕೂತ. ನಡುವೆ ಬಾಗಿಲು ತೆಗೆದಾಗೆಲ್ಲ ತೊಡೆಯ ಮೇಲೆ ಅವನ ಬೆರಳು ಆಡುತ್ತಿರುವುದು ನನಗೆ ಕಾಣುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಆ ಕೂಗಿನ ಸರದಿ ಬಂತು. ನಾನು ಎಷ್ಟು ಸಲ ಕೂಗಿದರೂ ಬಸ್ಸಿನ ಕಂಡಕ್ಟರನನ್ನು ಕರೆದ ಹಾಗೆ ಆಗುತ್ತಿತ್ತು. ಯಜಮಾನ ತಲೆ ಚಚ್ಚಿಕೊಂಡ. ಕೊನೆಗೆ ಬಾಗಿಲು ತೆಗೆದು ಗೆಳೆಯನನ್ನು ಒಳಗೆ ಕರೆದೆ. ಅವನು ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ರೈಲ್ವೆ ಗೇಟಿನ ನನ್ನ ಕಿಟಕಿ ಅಲ್ಲಿದೆಯೇನೋ ಎನ್ನುವಂತೆ ಒಂದೇ ಸಲ ಕೂಗಿದ. ಯಜಮಾನ ಹೆಬ್ಬೆರಳು ಎತ್ತಿದ. ಗೆಳೆಯ ಮತ್ತೆ ಹೋಗಿ ಮೆಟ್ಟಿಲ ಮೇಲೆ ಕೂತ.

ಕ್ಯಾಸೆಟ್ಟಿನೊಳಗೆ ಇಡುವ ಕಾರ್ಡನ್ನು ಟೈಪು ಮಾಡಿದವನು ನಾನೇ. ನನ್ನ ಹೊಟ್ಟೆಪಾಡು ಅದೇ ಆಗಿತ್ತು. ಜೆರಾಕ್ಸ್ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪು ಮಾಡುತ್ತಿದ್ದೆ. ಸಾಹಿತ್ಯ, ಸಂಗೀತ, ಗಿಟಾರ್, ಗಾಯನ ಎಂದು ಹೊಡೆದು ಮುಂದೆ ನನ್ನ ಹೆಸರು ಹಾಕಿದೆ. ಅದರ ಕೆಳಗೆ ಗೆಳೆಯನ ಹೆಸರನ್ನೂ ಹೊಡೆದೆ. ಕೊನೆಯ ಸಾಲು ಕಾರ್ಡಿನ ಅಂಚು ದಾಟಿತು. ಅಳಿಸಿದೆ. ಅಕ್ಷರವನ್ನು ಒಂದು ಅಳತೆ ಸಣ್ಣದು ಮಾಡಿದ್ದರೆ ಎಲ್ಲವೂ ಹಿಡಿಸುತ್ತಿತ್ತು. ದಿನಾ ಲಗ್ನಪತ್ರಿಕೆಯಲ್ಲಿ ಎರಡು ಮನೆಯ ಬಂಧುಬಳಗವನ್ನೆಲ್ಲ ಹಿಡಿಸುತ್ತಿದ್ದವನು ನಾನು. ನನಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ? ನನ್ನ ಹೆಸರು ದೊಡ್ಡದಾಗಿ ಕಾಣುವುದು ನನಗೆ ಬೇಕಾಗಿತ್ತು.

ಅವನ ಕೈಗೆ ಮೊದಲ ಕ್ಯಾಸೆಟ್ ಕೊಟ್ಟೆ. ಕಾರ್ಡನ್ನು ಹೊರಗೆ ತೆಗೆದು ಮುಂದೆ ಓದಿದ, ಹಿಂದೆ ತಿರುಗಿಸಿ ಓದಿದ. ಮತ್ತೆ ಮುಂದೆ ತಿರುಗಿಸಿದ.

“ಚೆನ್ನಾಗೈತೆ,” ಎಂದ. ಸ್ವಲ್ಪ ಹೊತ್ತಾದ ಮೇಲೆ, “ಜಾಗ ಸಾಲ್ಲಿಲ್ಲೇನೋ,” ಎಂದ.

“ಹೂಂ, ಜಾಗ ಸಾಲಲಿಲ್ಲ,” ಎಂದೆ. ನೆಪವನ್ನೂ ಅವನೇ ಒದಗಿಸಿಕೊಟ್ಟ, ನಾನು ಕೈಚಾಚಿ ತೆಗೆದುಕೊಂಡೆ.

ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಕೆಲವು ತಿಂಗಳ ಮೇಲೆ ಕಾರ್ಖಾನೆ ಬಿಟ್ಟು ಕಲ್ಯಾಣದುರ್ಗಕ್ಕೆ ಹೋಗಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟ. ಇತ್ತ ಹಾಡು ಊರೂರು ಸುತ್ತಿತು. ಆಟೋದವರು ಹಾಕುತ್ತಿದ್ದರು, ಸಂಡೇ ಸ್ಕೂಲಿನ ಮಕ್ಕಳು ಬೀದಿಯಲ್ಲಿ ಒಬ್ಬರಿಗೊಬ್ಬರು ‘ಲೇ... ಲೇ’ ಎಂದು ಕೂಗಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಗುರುತು ಹಿಡಿದರೆ ನನ್ನ ಕುತ್ತಿಗೆ ಒಂದು ಬೆರಳು ಉದ್ದವಾಗುತ್ತಿತ್ತು. ಬೆಳಗ್ಗೆ ಮಾತ್ರ ಅಲಾರಂ ಇಟ್ಟುಕೊಂಡು ಏಳಬೇಕಾಯಿತು.

ಮಾರನೆಯ ವರ್ಷ ಕಲ್ಯಾಣದುರ್ಗದ ಸಭೆಯವರು ಮೂರು ದಿನದ ಕೂಟಕ್ಕೆ ನನ್ನನ್ನು ಕರೆದರು. ಮಡಕಶಿರ, ಪಾವಗಡದ ಮೇಲೆ ಹೋಗುವ ಬಸ್ಸು ಅದು. ಆಂಧ್ರದಿಂದ ಹೊರಟು ಕರ್ನಾಟಕ ದಾಟಿ ಮತ್ತೆ ಆಂಧ್ರಕ್ಕೆ ಬರುತ್ತದೆ. ಇಳಿದು ನೋಡಿದರೆ ಚಪ್ಪರದಲ್ಲಿ ವೈರು ಎಳೆಯುತ್ತಿದ್ದವನು ನನ್ನ ಗೆಳೆಯ. ಕೂಟಕ್ಕೆ ಮೈಕ್ ಸೆಟ್ ಅವನದೇ. “ಬಂದ್ಯೇನ್ಲಾ, ದಪ್ಪ ಆಗ್ಬುಟ್ಟಿದೀಯ,” ಎಂದ. ಇಬ್ಬರೂ ನಕ್ಕೆವು. ಎಲ್ಲ ಸರಿಹೋಯಿತು ಎಂದುಕೊಂಡೆ.

ಎರಡನೆಯ ದಿನ ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಅಲ್ಲಿನ ಸಭೆಯ ಹಿರಿಯರು ನನ್ನನ್ನು ಒಳಕೋಣೆಗೆ ಕರೆಸಿದರು. ಅವರು ರಿಟೈರಾದ ಮೇಷ್ಟ್ರು. ಹಾಡು ಕೇಳಿದರೆ ಸ್ವರ ಹೇಳುವಷ್ಟು ಕಿವಿ. ಸುತ್ತ ನಾಲ್ಕೈದು ಜನ ಕೂತಿದ್ದರು.

“ಕರ್ತನ ಬಾಯಲ್ಲಿ ಲೇ ಅನ್ನಿಸಿದೀಯಲ್ಲಪ್ಪ,” ಎಂದರು. “ಅವ್ರೇನು ನಿನ್ನ ಜೊತೆ ಗೋಲಿ ಆಡಿದ್ರಾ?”

ಹಿಂದೂಪುರದಲ್ಲಿ ಒಬ್ಬರೂ ಈ ಮಾತು ಎತ್ತಿರಲಿಲ್ಲ. ನಮಗೆಲ್ಲ ಎರಡು ಭಾಷೆ ಒಂದೇ ತಟ್ಟೆಯ ಊಟ, ಯಾವ ತುತ್ತು ಯಾವುದು ಎಂದು ನೋಡಿದವರಿಲ್ಲ. ಇವರು ಒಂದು ಮಾತು ಹೇಳಿದರೆ ಸುತ್ತಲಿನ ಸಭೆಗಳಲ್ಲೆಲ್ಲ ನನ್ನ ಕ್ಯಾಸೆಟ್ ಮೂಲೆ ಸೇರುತ್ತದೆ ಎಂಬುದು ಗೊತ್ತಿತ್ತು.

“ಅಯ್ಯನೋರೆ, ಅದು ತೆಲುಗು,” ಎಂದೆ. “ಎರಡೂ ತೆಲುಗೇ. ಏಳು, ಏಳು ಅಂತ.”

“ಎರಡ್ನೇದು ತೆಲುಗು, ಒಪ್ಕಂತೀನಿ. ಮೊದಲ್ನೇದನ್ನ ಎಳೀತೀಯ. ಎಬ್ಬಿಸೋನು ಅಂಗೆ ಎಳೆಯಾಕಿಲ್ಲ. ಅದು ಕರೆಯೋ ಲೇ.”

ನಾನು ಮತ್ತೆ ಎರಡೂ ತೆಲುಗೇ ಎಂದೆ. ಆಗ ಹಿರಿಯರು ಹೊರಗೆ ವೈರು ಸುತ್ತುತ್ತಿದ್ದ ಗೆಳೆಯನನ್ನು ಕೂಗಿ ಕರೆದರು. “ಇವ್ನು ನಮ್ಮ ಸಭೆಯೋನಲ್ಲ. ಇವ್ನಿಗೆ ಯಾರ ಮುಲಾಜೂ ಇಲ್ಲ. ಇವನ್ನೇ ಕೇಳಾಣ,” ಎಂದರು. ಆ ಕೂಗು ಅವನದೇ ದನಿ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಕಾರ್ಡಿನಲ್ಲಿ ಇರಲಿಲ್ಲವಲ್ಲ.

“ಇವ್ನು ಲೇ ಲೇ ಅಂತ ಹಾಡ್ತಾನಲ್ಲ, ಆ ಪಾಟಿನಾಗೆ ಮೊದಲ್ನೇ ಲೇ ಕನ್ನಡವೋ ತೆಲುಗೋ, ನಿನ್ ಕಿವಿಗೆ ಕೇಳಿದ್ದು ಹೇಳಪ್ಪ.”

ಅವನು ಮೊಣಕೈಗೆ ವೈರು ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಉಪ್ಪಿಟ್ಟಿನ ತಟ್ಟೆ ನೋಡಿದೆ.

“ಎರಡೂ ತೆಲುಗೇ ಸಾರ್,” ಎಂದ. “ಏಳು, ಏಳು ಅಂತ ಅಷ್ಟೇ. ಅದ್ರಾಗೆ ಕರೆಯೋದು ಗಿರೆಯೋದು ಏನೂ ಇಲ್ಲ.”

ಹಿರಿಯರು ಒಪ್ಪಿದರು. ಸಂಜೆ ಹಾಡಿದೆ. ಚಪ್ಪರದ ಜನವೆಲ್ಲ ಎದ್ದು ನಿಂತು ಕೂಗಿತು. ಹಾಡು ಶುರು ಮಾಡುವ ಮೊದಲು ಗೆಳೆಯ ವೇದಿಕೆಗೆ ಬಂದು ಮೈಕಿನ ಕಂಬ ಸರಿಮಾಡಿದ.

“ಬ್ರದರ್, ಇನ್ನೊಂಚೂರು ಮೇಲಕ್ಕೆ ಬೇಕಾ ನಿಮ್ಗೆ?” ಎಂದ.

ಕುಚೋದ್ಯ ಇರಬೇಕೆಂದು ಅವನ ಮುಖ ನೋಡಿದೆ. ಕುಚೋದ್ಯ ಇರಲಿಲ್ಲ. ಅವನು ನನ್ನನ್ನು ಉಳಿಸಿಕೊಟ್ಟಿದ್ದ. ಅದಕ್ಕಾಗಿ ತನ್ನ ಮಾತನ್ನು ತಾನೇ ಸುಳ್ಳು ಮಾಡಿಕೊಂಡಿದ್ದ. ನನ್ನನ್ನು ಕರೆಯಲು ಇಟ್ಟುಕೊಂಡಿದ್ದ ‘ಲೇ’ ಎಂಬುದೇ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ ಮೇಲೆ ಮತ್ತೆ ಅದನ್ನು ಬಳಸುವುದು ಹೇಗೆ? ಅವತ್ತಿನಿಂದ ನಾನು ಬ್ರದರ್, ನೀವು, ಬನ್ನಿ, ಕೂತ್ಕಳಿ. ಕಪಾಳಕ್ಕೆ ಹೊಡೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೀಗೇ ನಾಲ್ಕು ವರ್ಷ ಕಳೆಯಿತು. ಅವನ ಮದುವೆಗೆ ಹೋದೆ, ನನ್ನ ಮದುವೆಗೆ ಅವನು ಮೈಕ್ ಸೆಟ್ ತಂದು ಕಟ್ಟಿದ. ಮರ್ಯಾದೆಗೆ ಒಂದಿಷ್ಟೂ ಕೊರತೆಯಾಗಲಿಲ್ಲ. ಆ ಮರ್ಯಾದೆ ನನ್ನನ್ನು ತಿಂದುಹಾಕುತ್ತಿತ್ತು.

ಆಮೇಲೆ ಕ್ಯಾಸೆಟ್ಟಿನ ಕಾಲ ಮುಗಿಯಿತು. ಅದೇ ಎಂಟು ಹಾಡುಗಳನ್ನು ಸೀಡಿಗೆ ಹಾಕಿಸೋಣವೆಂದು ಪಾಸ್ಟರು ಹೇಳಿದರು. ಹೊಸ ಕಾರ್ಡನ್ನೂ ನಾನೇ ಟೈಪು ಮಾಡಿದೆ. ಸಾಹಿತ್ಯ ಎಂಬಲ್ಲಿ ಅವನ ಹೆಸರು ಮೊದಲು, ನನ್ನದು ಆಮೇಲೆ. ಕೆಳಗೆ, ‘ಲೇ ಲೇ ಕೂಗಿದವರು’ ಎಂದು ಮತ್ತೆ ಅವನ ಹೆಸರು. ಎಲ್ಲ ಒಂದೇ ಅಳತೆಯ ಅಕ್ಷರ. ಅಂಚಿನಲ್ಲಿ ಇನ್ನೂ ಜಾಗ ಉಳಿಯಿತು.

ಆ ವರ್ಷ ಈಸ್ಟರಿನ ಸೂರ್ಯೋದಯದ ಆರಾಧನೆಗೆ ಕಲ್ಯಾಣದುರ್ಗದ ಸಭೆಯವರು ಮತ್ತೆ ಕರೆದರು. ಊರ ಪಕ್ಕದ ಗುಡ್ಡದ ಬುಡದಲ್ಲಿ, ಹೊತ್ತು ಹುಟ್ಟುವಾಗ ಆ ಹಾಡನ್ನೇ ಹಾಡಬೇಕೆಂದು. ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಇಳಿದೆ. ನೆಟ್ಟಗೆ ಹಿರಿಯರ ಮನೆಗೆ ನಡೆದೆ.

“ಅಯ್ಯನೋರೆ, ನೀವು ಅವತ್ತು ಹೇಳಿದ್ದೇ ಸರಿ. ಮೊದಲನೆಯದು ಕನ್ನಡ. ಕರೆಯೋ ಲೇ. ಅದು ನನ್ನ ಮಾತಲ್ಲ, ಆ ಮೈಕ್ ಸೆಟ್ಟಿನವನದು. ಕೂಗಿದ್ದೂ ಅವನೇ. ಗೆಳೆಯನನ್ನು ಗೆಳೆಯ ಎಬ್ಬಿಸೋದು ಹಾಗೇ ಅಂತ ಅವನು ಅಂದಿದ್ದ. ನಾನು ಸುಳ್ಳು ಹೇಳಿದೆ, ಅವನ ಬಾಯಲ್ಲೂ ಸುಳ್ಳು ಹೇಳಿಸಿದೆ.”

ಅವರು ಕನ್ನಡಕ ತೆಗೆದು ಒರೆಸಿದರು.

“ನನ್ ಕಿವಿ ನಂಗೆ ಮೋಸ ಮಾಡಿರ್ಲಿಲ್ಲ ಅನ್ನು,” ಎಂದರು. “ಅವತ್ತು ಹೇಳಿದ್ರೆ ಹಾಡಾಕೆ ಬಿಡ್ತಿರ್ಲಿಲ್ಲ.”

“ಗೊತ್ತು.”

“ಇವತ್ತೂ ಬಿಡಾಕಿಲ್ಲಪ್ಪ. ನಾನು ಇರೋವರ್ಗೂ ಅದು ಬ್ಯಾಡ. ಬೇರೆ ಪಾಟು ಹಾಡು.”

“ಆಗಲಿ ಅಯ್ಯನೋರೆ,” ಎಂದು ಕೈಮುಗಿದು ಬಂದೆ. ಬೇಸರವಾಗಿತ್ತು, ಇಲ್ಲವೆನ್ನುವುದಿಲ್ಲ. ಆ ಹಾಡಿಲ್ಲದ ನನ್ನನ್ನು ಯಾರೂ ಬಸ್ಸಿನಲ್ಲಿ ಗುರುತು ಹಿಡಿಯುವುದಿಲ್ಲ.

ತಂಗಲು ಗೆಳೆಯನ ಮನೆಗೆ ಹೋಗುವಷ್ಟರಲ್ಲಿ ಅವನಿಗೆ ಸುದ್ದಿ ಮುಟ್ಟಿತ್ತು. ನಾಳೆ ಆ ಪಾಟು ಇಲ್ಲ ಎಂದು ಹಿರಿಯರು ಫೋನು ಮಾಡಿದ್ದರಂತೆ, ಕಾರಣವನ್ನೂ ಹೇಳಿದ್ದರಂತೆ. ನಾನು ಸೀಡಿ ಕೊಟ್ಟೆ. ಕಾರ್ಡನ್ನು ಮುಂದೆ ಓದಿದ, ಹಿಂದೆ ತಿರುಗಿಸಿ ಓದಿದ.

“ಯಾಕ್ ಹೇಳಾಕೆ ಹೋದ್ರಿ ಬ್ರದರ್?” ಎಂದ.

“ಹೇಳಬೇಕು ಅನ್ನಿಸಿತು.”

ಸೀಡಿಯನ್ನು ಟೀವಿಯ ಮೇಲೆ ಇಟ್ಟ. “ಕೈ ತೊಳ್ಕಳಿ, ಊಟ ಮಾಡಾಣ,” ಎಂದ. ಅವನ ಹೆಂಡತಿ ಮುದ್ದೆ ಬಡಿಸಿದಳು. ಮಳೆ, ವೈರಿನ ಬೆಲೆ, ಕರೆಂಟು ಎಂದು ಏನೇನೋ ಮಾತಾಡಿದೆವು. ಎಲ್ಲ ಬಹುವಚನದಲ್ಲೇ. ಇಷ್ಟೇ ಇನ್ನು ಎಂದುಕೊಂಡು ಮುಂದಿನ ಕೋಣೆಯಲ್ಲಿ ಮಲಗಿದೆ.

ಬೆಳಗಿನ ಜಾವ ನನಗೆ ತಾನಾಗಿಯೇ ಎಚ್ಚರವಾಯಿತು. ಅಂಗಳದಲ್ಲಿ ಅವನು ಸಾಮಾನು ಆಟೋಗೆ ಹೇರುವ ಸದ್ದು ಕೇಳುತ್ತಿತ್ತು. ನಾನು ಎದ್ದು ಹೋಗಿ ಕೈಜೋಡಿಸಬೇಕಿತ್ತು. ಹೋಗಲಿಲ್ಲ. ಕಣ್ಣು ಮುಚ್ಚಿ ಬಿದ್ದುಕೊಂಡೆ.

ಹೆಜ್ಜೆಯ ಸಪ್ಪಳ ಕಿಟಕಿಯ ಹತ್ತಿರ ಬಂತು.

“ಬ್ರದರ್,” ಎಂದ.

ನಾನು ಏಳಲಿಲ್ಲ.

“ಬ್ರದರ್, ಟೈಮಾಯ್ತು.”

ಆಗಲೂ ಏಳಲಿಲ್ಲ. ಮದುವೆಯಾದವನು, ಮಗುವಿನ ತಂದೆ, ಚಿಕ್ಕವರ ಹಾಗೆ ಹಟ ಹಿಡಿದು ಉಸಿರು ಬಿಗಿಹಿಡಿದಿದ್ದೆ. ಆಮೇಲೆ ಕಬ್ಬಿಣದ್ದೇನೋ, ಟೆಸ್ಟರೋ ಸ್ಪ್ಯಾನರೋ, ಕಿಟಕಿಯ ಸರಳಿಗೆ ಟಕ್ಕು ಟಕ್ಕು ಎಂದು ತಾಗಿತು.

“ಲೇ...” ಎಂದ. ಎಳೆದು ಎಂದ.

ಎರಡನೆಯದು ಬರಲಿ ಎಂದು ಕಾದೆ. ಬರಲಿಲ್ಲ.

“ಅಯ್ಯನೋರು ಬ್ಯಾಡ ಅಂದಿದ್ದು ಇದನ್ನೇ ತಾನೆ?” ಎಂದ. “ಇನ್ನೊಂದಕ್ಕೆ ಯಾರ ತಕರಾರೂ ಇಲ್ಲ ಕಣ್ಲಾ. ಬೇಕಾದ್ರೆ ಅದನ್ನೂ ಅಂತೀನಿ.”

ಅವನು ಅನ್ನುವ ಮೊದಲೇ ನಾನು ಎದ್ದು ಕೂತಿದ್ದೆ.